ಅಂಡಮಾನ್‌ಗೆ 5 ರಾತ್ರಿ, ಹೆಂಡತಿಗೆ ನೀರು ಅಂದ್ರೆ ಭಯ: ಬಾರಾಟಾಂಗ್ ಇಟ್ಕೊಳ್ಳೋದಾ ಬಿಡೋದಾ?

ಹಾಸನದ_ಮಳೆ
ಎಲ್ರಿಗೂ ನಮಸ್ಕಾರ. ಜನವರಿಗೆ ನಮ್ಮ ಮದುವೆಯಾಗಿ ಹತ್ತು ವರ್ಷ. ಇಷ್ಟು ವರ್ಷದಲ್ಲಿ ನಾವಿಬ್ರೇ ಅಂತ ಎಲ್ಲೂ ಹೋಗಿಲ್ಲ, ಹೋದ್ರೆ ಧರ್ಮಸ್ಥಳ ಸುಬ್ರಹ್ಮಣ್ಯ, ಅದೂ ಮನೆಮಂದಿಯೆಲ್ಲ ಸೇರಿ. ಈ ಸಲ ಮಗಳನ್ನ ಅಜ್ಜಿ ಮನೇಲಿ ಬಿಟ್ಟು ಅಂಡಮಾನ್‌ಗೆ ಹೋಗೋಣ ಅಂತ ಇಬ್ರೂ ತೀರ್ಮಾನ ಮಾಡಿದೀವಿ, ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಟಿಕೆಟೂ ಆಗಿದೆ.

ಏಜೆಂಟ್ ಒಬ್ರು ಕೊಟ್ಟಿರೋ ಪ್ಲಾನ್ ಹೀಗಿದೆ: ಮೊದಲನೇ ದಿನ ಪೋರ್ಟ್ ಬ್ಲೇರಲ್ಲಿ ಇಳಿದು ಸೆಲ್ಯುಲಾರ್ ಜೈಲು, ಎರಡನೇ ದಿನ ಬಾರಾಟಾಂಗ್ ಸುಣ್ಣಕಲ್ಲಿನ ಗುಹೆ, ಮೂರನೇ ದಿನ ಹ್ಯಾವ್‌ಲಾಕ್, ನಾಲ್ಕನೇ ದಿನ ನೀಲ್, ಐದನೇ ದಿನ ವಾಪಸ್ ಬಂದು ರಾಸ್ ಐಲ್ಯಾಂಡ್ ಮತ್ತು ನಾರ್ತ್ ಬೇ, ಆರನೇ ದಿನ ಬೆಳಗ್ಗೆ ಫ್ಲೈಟ್. ನೋಡಿದ್ರೇನೇ ಸುಸ್ತಾಗುತ್ತೆ. ಇನ್ನೊಂದು ವಿಷಯ, ನನ್ನ ಹೆಂಡತಿಗೆ ಚಿಕ್ಕವಳಿದ್ದಾಗ ಕೆರೇಲಿ ಕಾಲು ಜಾರಿ ಮುಳುಗಿದ್ದು ಇನ್ನೂ ಮನಸ್ಸಲ್ಲಿದೆ, ಮೊಣಕಾಲಿಗಿಂತ ಮೇಲೆ ನೀರು ಬಂದ್ರೆ ನನ್ನ ಕೈ ಗಟ್ಟಿ ಹಿಡ್ಕೊಂಡು ನಿಂತುಬಿಡ್ತಾಳೆ, ಆದ್ರೆ ಹವಳ ಮೀನು ಎಲ್ಲ ನೋಡ್ಬೇಕು ಅಂತ ಅವಳಿಗೇ ನನಗಿಂತ ಜಾಸ್ತಿ ಆಸೆ. ಬಸ್ಸಲ್ಲಿ ವಾಂತಿನೂ ಆಗುತ್ತೆ. ಏನು ಬಿಡ್ಲಿ, ಏನು ಇಟ್ಕೊಳ್ಲಿ? ಪ್ಯಾಕೇಜ್ ಪೇಪರಲ್ಲಿ ಒಂದು ಕಡೆ ಹ್ಯಾವ್‌ಲಾಕ್ ಅಂತಿದೆ ಇನ್ನೊಂದು ಕಡೆ ಸ್ವರಾಜ್ ದ್ವೀಪ್ ಅಂತಿದೆ, ಎರಡೂ ಒಂದೇನಾ?

ತೀರ್ಥಹಳ್ಳಿ_ಅಕ್ಕ
ಒಂದೇ ಕಣಪ್ಪ. 2018ರ ಡಿಸೆಂಬರಲ್ಲಿ ಹೆಸರು ಬದಲಾಯ್ತು: ಹ್ಯಾವ್‌ಲಾಕ್ ಸ್ವರಾಜ್ ದ್ವೀಪ್ ಆಯ್ತು, ನೀಲ್ ಶಹೀದ್ ದ್ವೀಪ್ ಆಯ್ತು, ರಾಸ್‌ಗೆ ನೇತಾಜಿ ಹೆಸರು ಬಂತು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟಲ್ಲಿ ಯಾವ ಹೆಸರಿದ್ರೂ ಗಾಬರಿ ಆಗ್ಬೇಡಿ.

ಬಾರಾಟಾಂಗ್ ತೆಗೆದುಬಿಡಿ, ಕಣ್ಣು ಮುಚ್ಚಿ ತೆಗೆದುಬಿಡಿ. ನಾವು ಹೋಗಿದ್ವಿ, ಬೆಳಗಿನ ಜಾವ ಮೂರೂವರೆಗೆ ಹೋಟೆಲ್ ಬಿಟ್ವಿ, ಜಿರ್ಕಾಟಾಂಗ್ ಚೆಕ್‌ಪೋಸ್ಟಲ್ಲಿ ಕಾದು ಪೊಲೀಸ್ ಕಾನ್ವಾಯ್ ಜೊತೆ ಕಾಡಿನೊಳಗೆ ಹೋಗ್ಬೇಕು, ಆಮೇಲೆ ಫೆರಿ, ಆಮೇಲೆ ಸ್ಪೀಡ್ ಬೋಟ್, ಆಮೇಲೆ ನಡಿಗೆ, ಮತ್ತೆ ಅದೇ ದಾರೀಲಿ ವಾಪಸ್. ಕಾಂಡ್ಲಾ ಕಾಡಿನ ನಡುವೆ ಬೋಟ್ ಹೋಗೋದು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ವಾಂತಿ ಆಗೋವ್ರಿಗೆ ಆ ರಸ್ತೆ ಹಿಂಸೆ. ಅದಕ್ಕಿಂತ ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆ. ಆ ರಸ್ತೆ ಹೋಗೋದು ಅಲ್ಲಿನ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ಕಾಡಲ್ಲಿ, ಗಾಡಿ ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ, ತಿಂಡಿ ಕೊಡೋ ಹಾಗಿಲ್ಲ, ಎಲ್ಲ ಸರಿ, ಆದ್ರೂ ನಮ್ಮ ಗಾಡೀಲಿದ್ದವರೆಲ್ಲ ಕಿಟಕಿಗೆ ಅಂಟ್ಕೊಂಡು 'ಕಾಣಿಸಿದ್ರಾ ಕಾಣಿಸಿದ್ರಾ' ಅಂತಿದ್ರು. ರಸ್ತೆ ಪಕ್ಕ ಒಬ್ಬ ತಾಯಿ ಮಗು ಎತ್ಕೊಂಡು ನಿಂತಿದ್ಲು. ನಾನು ತಲೆ ತಗ್ಗಿಸಿಬಿಟ್ಟೆ. ಅವರ ಮನೆ ಅಂಗಳದಲ್ಲಿ ನಮಗೇನು ಕೆಲಸ ಅನ್ನಿಸ್ತು.

ಆ ಒಂದು ದಿನ ಹ್ಯಾವ್‌ಲಾಕ್‌ಗೆ ಸೇರಿಸಿ, ಎರಡು ರಾತ್ರಿ ಅಲ್ಲೇ ಇರಿ. ಅಲ್ಲಿ ಕತ್ತಲೆ ಬೇಗ ಆಗುತ್ತೆ ಅನ್ನೋದು ಮರೀಬೇಡಿ. ದ್ವೀಪ ಇರೋದು ಅಷ್ಟು ಪೂರ್ವಕ್ಕೆ, ಗಡಿಯಾರ ಮಾತ್ರ ನಮ್ದೇ, ಜನವರೀಲಿ ಐದೂಕಾಲು ಐದೂವರೆಗೆಲ್ಲ ಸೂರ್ಯ ಮುಳುಗಿರ್ತಾನೆ. ರಾಧಾನಗರ್ ಬೀಚ್ ಜೆಟ್ಟಿಯಿಂದ 12 ಕಿಲೋಮೀಟರ್ ಆಗುತ್ತೆ, ಊಟ ಮಾಡಿ ಮಲಗಿ ಎದ್ದು ಹೋಗೋಣ ಅಂದ್ರೆ ಏನೂ ಸಿಗಲ್ಲ. ಮೂರು ಗಂಟೆಗೇ ಹೋಗಿ ಕೂತ್ಕೊಳ್ಳಿ. ಬಿಳಿ ಮರಳು, ಹಿಂದೆ ದೊಡ್ಡ ದೊಡ್ಡ ಮರದ ಕಾಡು. ನಮ್ಮನೆಯವ್ರು ಮಾತೇ ಆಡದೆ ಕೂತಿದ್ರು ಅವತ್ತು, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ನೆಮ್ಮದಿಯಾಗಿ ಅವರನ್ನ ನೋಡಿದ್ದು ಕಡಿಮೆ.

ಹುಬ್ಬಳ್ಳಿ_ಮಂದಿ
ಅಕ್ಕಾರು ಹೇಳಿದ್ದು ಖರೆ ಐತ್ರಿ. ನಾನು ನೀರಿನ ಬಗ್ಗೆ ಹೇಳ್ತೀನಿ, ಯಾಕಂದ್ರ ನಮ್ಮ ಮನ್ಯಾಕಿನೂ ಹಂಗ ಅಂಜ್ತಿದ್ಲು.

ಮೊದಲ ನೀಲ್‌ನ್ಯಾಗ ಭರತ್‌ಪುರ್ ಬೀಚಿಗೆ ಹೋಗ್ರಿ, ಅಲ್ಲಿ ತಳಕ್ಕ ಗಾಜು ಹಾಕಿದ ಬೋಟ್ ಇರ್ತಾವು, ಕುಂತಲ್ಲೇ ಹವಳ ಮೀನು ಕಾಣ್ತಾವು, ಕಾಲು ಸೈತ ಒದ್ದಿ ಆಗೂದಿಲ್ಲ. ಅಲ್ಲೇ ಲಕ್ಷ್ಮಣಪುರದ ಕಡೆ ಕಲ್ಲಿನ ಕಮಾನು ಐತಿ, ಸಮುದ್ರ ಇಳಿದಾಗ ಹೋದ್ರ ಕಲ್ಲಿನ ಸಂದ್ಯಾಗ ನಿಂತ ನೀರಿನ್ಯಾಗ ಸಣ್ಣ ಮೀನು, ಸಮುದ್ರ ಸೌತಿಕಾಯಿ ಅನ್ನೋ ಪ್ರಾಣಿ ಎಲ್ಲಾ ಕೈ ಅಳತ್ಯಾಗ ಕಾಣ್ತಾವು. ಇಳಿತ ಎಷ್ಟು ಗಂಟೆಗೆ ಅಂತ ಹೋಟೆಲಿನವ್ರನ್ನ ಕೇಳಿ ಹೋಗ್ರಿ, ಇಲ್ಲಾಂದ್ರ ಬರೇ ನೀರ ಕಾಣ್ತದ.

ಧೈರ್ಯ ಬಂದ ಮ್ಯಾಲೆ ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಿನ್ಯಾಗ ಸ್ನಾರ್ಕಲಿಂಗ್, ಅಂದ್ರ ಮಾಸ್ಕ್ ಹಾಕ್ಕೊಂಡು ಬಾಯಾಗಿನ ನಳಿಗೆಲೆ ಉಸಿರಾಡ್ಕೋತ ನೀರಿನ ಮ್ಯಾಲಿಂದ ಕೆಳಗ ನೋಡೂದು. ಈಜು ಬರಬೇಕಂತಿಲ್ರಿ, ಟ್ಯೂಬ್ ಹಿಡ್ಕೊಂಡು ಮಕಾಡೆ ಮಲಗಬೇಕು, ಗೈಡ್ ಎಳ್ಕೊಂಡು ಹೋಗ್ತಾನ. ನಮ್ಮಾಕಿ ಮೊದಲ ಎರಡು ಸಲ ಮುಖ ಮುಳುಗಿಸಿ ಎದ್ದು ಅತ್ಲು. ಆ ಹುಡುಗ ಒಂಚೂರೂ ಅವಸರ ಮಾಡಲಿಲ್ಲ, ಎದಿಮಟ ನೀರಿನ್ಯಾಗ ನಿಂದರಿಸಿ ಬಾಯಿಲೆ ಉಸಿರಾಡೂದು ಅಷ್ಟ ಹತ್ತು ನಿಮಿಷ ಮಾಡಿಸಿದ. ಮೂರನೇ ಸಲ ಹೋದಾಕಿ ವಾಪಸ್ ಬರಲೇ ಇಲ್ಲ, ಅರ್ಧ ತಾಸು! ಮ್ಯಾಲೆ ಬಂದು 'ರೀ ನೀಲಿ ಮೀನು ನನ್ನ ಬೆರಳ ಹತ್ರ ಬಂದಿತ್ತು' ಅಂದ್ಲು, ಮಾಸ್ಕಿನ ಗುರುತು ಹಣಿ ಮ್ಯಾಲೆ ಕೆಂಪಗ ಮೂಡಿತ್ತು. ನೀವು ಒತ್ತಾಯ ಮಾಡಬ್ಯಾಡ್ರಿ, ಆಕಿ ಬ್ಯಾಡ ಅಂದ್ರ ಬ್ಯಾಡ.

ಅದರ ಮುಂದಿನ ವರ್ಷ ನಮ್ಮಾಕಿ ಮುರುಡೇಶ್ವರದ ಹತ್ರ ಇರೋ ನೇತ್ರಾಣಿ ದ್ವೀಪಕ್ಕ ಹೋಗಿ ಸ್ಕೂಬಾನೂ, ಅಂದ್ರ ಗಾಳಿ ಸಿಲಿಂಡರ್ ಕಟ್ಕೊಂಡು ನೀರಿನ ಆಳಕ್ಕ ಇಳಿಯೂದು, ಮಾಡಿ ಬಂದ್ಲು.

ಕರಾವಳಿ_ಅಲೆ
ಸ್ಕೂಬಾ ಮಾತು ಬಂತಲ್ಲ, ಒಂದು ಮುಖ್ಯವಾದ್ದು. ನೀವು ಸ್ಕೂಬಾ ಮಾಡೋದಾದ್ರೆ ಫ್ಲೈಟಿನ ಹಿಂದಿನ ದಿನ ಇಟ್ಕೊಳ್ಬೇಡಿ, ಪೂರ್ತಿ ಒಂದು ದಿನ ಗ್ಯಾಪ್ ಇರ್ಲಿ. ಆಳದಲ್ಲಿ ಒತ್ತಡಕ್ಕೆ ರಕ್ತದಲ್ಲಿ ನೈಟ್ರೋಜನ್ ಕರಗಿರುತ್ತೆ, ವಿಮಾನ ಮೇಲೆ ಹೋಗಿ ಒತ್ತಡ ಕಡಿಮೆ ಆದಾಗ ಅದು ಗುಳ್ಳೆ ಆಗಬಹುದು, ಆಟ ಅಲ್ಲ ಅದು. ಸ್ನಾರ್ಕಲಿಂಗ್‌ಗೆ ಈ ತೊಂದರೆ ಇಲ್ಲ.

ಫೆರೀಲಿ ಕೆಳಗಿನ ಡೆಕ್ಕಲ್ಲಿ ಮಧ್ಯದ ಸೀಟ್ ಕೇಳಿ, ಅಲ್ಲಿ ಓಲಾಟ ಕಡಿಮೆ. ಪ್ರೈವೇಟ್ ಫೆರಿ ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆ, ಸರ್ಕಾರಿದು ನಿಧಾನ ಆದ್ರೆ ರೇಟ್ ಕಡಿಮೆ. ವಾಂತಿ ಮಾತ್ರೆ ಹತ್ತೋಕೆ ಅರ್ಧ ಗಂಟೆ ಮೊದಲೇ ತಗೊಳ್ಳಿ, ಯಾವ್ದು ಅಂತ ನಿಮ್ಮ ಡಾಕ್ಟರ್ ಹತ್ರ ಕೇಳಿ. ಒರಿಜಿನಲ್ ಐಡಿ ಬೇಕೇ ಬೇಕು. ಹವಾಮಾನ ಕೆಟ್ರೆ ಫೆರಿ ಕ್ಯಾನ್ಸಲ್ ಆಗುತ್ತೆ, ಹಾಗಾಗಿ ಕೊನೆ ರಾತ್ರಿ ಪೋರ್ಟ್ ಬ್ಲೇರಲ್ಲೇ ಇರಿ, ಏಜೆಂಟ್ ಪ್ಲಾನಲ್ಲಿ ಅದೊಂದು ಸರಿ ಇದೆ. ಮೊಸಳೆ ಬೋರ್ಡ್ ಇರೋ ಕಡೆ ನೀರಿಗೆ ಇಳೀಬೇಡಿ. ಹವಳದ ಚೂರು ಚಿಪ್ಪು ಮಗಳಿಗೆ ಅಂತ ಬ್ಯಾಗಿಗೆ ಹಾಕ್ಕೊಂಡ್ರೆ ಏರ್‌ಪೋರ್ಟಲ್ಲಿ ಹಿಡೀತಾರೆ.

ಜೈಲನ್ನ ಅವಸರದಲ್ಲಿ ನೋಡ್ಬೇಡಿ ದಯವಿಟ್ಟು. 1906ರಲ್ಲಿ ಕಟ್ಟಿ ಮುಗಿಸಿದಾಗ ಏಳು ಸಾಲು ಕಟ್ಟಡ ಇತ್ತು, ಈಗ ಉಳಿದಿರೋದು ಮೂರೇ. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದರ ಬೆನ್ನು, ಒಬ್ಬ ಕೈದಿ ಮುಖ ಇನ್ನೊಬ್ಬನಿಗೆ ಕಾಣಬಾರದು ಅಂತ. ಒಂದು ಸೆಲ್ ಬಾಗಿಲ ಚಿಲಕ ಗಮನಿಸಿ, ಬಾಗಿಲಲ್ಲಿ ಇರಲ್ಲ, ಪಕ್ಕದ ಗೋಡೆ ಕೊರೆದು ಅದರೊಳಗೆ ಇಟ್ಟಿದಾರೆ, ಒಳಗಿಂದ ಕಂಬಿ ಸಂದೀಲಿ ತೋಳು ಎಷ್ಟು ಚಾಚಿದ್ರೂ ಸಿಗಲ್ಲ. ನಾನು ಒಳಗೆ ನಿಂತು ಚಾಚಿ ನೋಡ್ದೆ. ಎತ್ತು ತಿರುಗಿಸೋ ಗಾಣನ ಮನುಷ್ಯರ ಕೈಲಿ ತಿರುಗಿಸ್ತಿದ್ರು ಅಂತ ಓದಿದ್ದೆ, ಆ ಚಿಲಕ ನೋಡಿದ ಮೇಲೇ ಅದು ಒಳಗೆ ಇಳೀತು. ಸಂಜೆ ಲೈಟ್ ಅಂಡ್ ಸೌಂಡ್ ಶೋ ಕೂಡ ನೋಡಿ.

ಹಾಸನದ_ಮಳೆ
ಅಕ್ಕ, ಅಣ್ಣಂದಿರೆ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಪೂರ್ತಿ ಥ್ರೆಡ್ ಅವಳಿಗೆ ಓದಿ ಹೇಳಿದೆ. ಜಾರವಾ ತಾಯಿ ವಿಷಯ ಕೇಳಿ ಬಾರಾಟಾಂಗ್ ಬೇಡ ಅಂತ ಅವಳೇ ಅಂದ್ಲು. ನಾರ್ತ್ ಬೇನೂ ತೆಗೆದ್ವಿ. ಈಗ ಮೊದಲ ದಿನ ಜೈಲು, ಎರಡನೇ ದಿನ ಬೆಳಗ್ಗೆ ಫೆರಿಗೆ ನೀಲ್, ಒಂದು ರಾತ್ರಿ, ಆಮೇಲೆ ಹ್ಯಾವ್‌ಲಾಕ್ ಎರಡು ರಾತ್ರಿ, ಐದನೇ ದಿನ ವಾಪಸ್, ಟೈಮ್ ಸಿಕ್ಕಿದ್ರೆ ರಾಸ್. ಸಸ್ಯಾಹಾರ ಸಿಗುತ್ತಾ?

ತೀರ್ಥಹಳ್ಳಿ_ಅಕ್ಕ
ಸಿಗುತ್ತೆ. ತಮಿಳರು ಜಾಸ್ತಿ ಇದಾರೆ, ಪೋರ್ಟ್ ಬ್ಲೇರಲ್ಲಿ ಇಡ್ಲಿ ದೋಸೆಗೆ ಬರ ಇಲ್ಲ. ನೀಲಲ್ಲಿ ಮೀನೂಟ ಜಾಸ್ತಿ, ಅಲ್ಲಿ ಅನ್ನ ಬೇಳೆ ತರಕಾರಿ ಅಂತ ಮೊದಲೇ ಹೇಳಿಡಿ. ನೀಲ್ ಮೊದಲು ಇಟ್ಟಿದ್ದು ಒಳ್ಳೇದಾಯ್ತು, ಗಾಜಿನ ಬೋಟಿಂದಲೇ ಶುರುವಾಗ್ಲಿ. ಫೆರಿ ಟಿಕೆಟ್ ಈಗ್ಲೇ ಮಾಡಿ, ಜನವರೀಲಿ ಬೇಗ ಖಾಲಿ ಆಗುತ್ತೆ, ಹೋಟೆಲ್ ಆಮೇಲೆ ನೋಡ್ಕೊಳ್ಳಿ. ಬಂದ ಮೇಲೆ ಅವರು ಮೀನು ನೋಡಿದ್ರಾ ಅಂತ ಇಲ್ಲಿ ಬಂದು ಬರೀರಿ, ನಾನು ಕಾಯ್ತಿರ್ತೀನಿ.