ಸರ್ಕಾರಿ ಹರಾಜಿನ ಹಳೇ ಬೋಟು: ತಗೊಳ್ಳೋದಾ, ಬಿಡೋದಾ?

ಹೊಳೆಬದಿಯವ: ಬ್ರಹ್ಮಾವರ ಕಡೆ, ಸೀತಾ ನದಿ ಪಕ್ಕ ನಮ್ಮ ಮನೆ. ಸರ್ಕಾರದ ಹಳೇ ಸಾಮಾನು ಹರಾಜು ಹಾಕುವ ಎಂಎಸ್‌ಟಿಸಿ ಕಂಪನಿಯ ಇ-ಹರಾಜಿನಲ್ಲಿ ಒಂದು ಇಲಾಖೆಯ ಹಳೇ ಫೈಬರ್ ಬೋಟು ಬಂದಿದೆ. 18 ಅಡಿ, ಜೊತೆಗೆ ಔಟ್‌ಬೋರ್ಡ್, ಅಂದರೆ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್. ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹೊಸದು ತಗೊಳ್ಳುವಷ್ಟು ದುಡ್ಡಿಲ್ಲ. ಭಾನುವಾರ ಗಾಳ ಹಾಕಲು, ಮಕ್ಕಳನ್ನು ಹೊಳೆಯಲ್ಲಿ ಒಂದು ಸುತ್ತು ಹಾಕಿಸಲು ಸಾಕು. ಯಾರಾದರೂ ಹೀಗೆ ತಗೊಂಡಿದ್ದೀರಾ?

ಬಂದರಿನವ: ಬೇಡ ಮಾರಾಯ್ರೆ. ಇಲಾಖೆಯವರು ಬೋಟನ್ನು ಹೊರಗೆ ಹಾಕುವುದು ರಿಪೇರಿ ಮಾಡಿಸಿ ಸಾಕಾದ ಮೇಲೆ. ಷರತ್ತು ಓದಿದ್ದೀರಾ? ‘ಇದ್ದ ಹಾಗೆ, ಇದ್ದಲ್ಲೇ’ ಅಂತ ಇರುತ್ತದೆ. ತಳದಲ್ಲಿ ತೂತಿದ್ದರೂ ಆಮೇಲೆ ದೂರು ಕೊಡುವ ಹಾಗಿಲ್ಲ.

ಗುಜರಿ ಲೆಕ್ಕ: ಅಷ್ಟು ಹೆದರಿಸಬೇಡಿ. ನಾನು ವರ್ಷಗಳಿಂದ ಅಲ್ಲಿ ಬಿಡ್ ಹಾಕುತ್ತಿದ್ದೇನೆ. ಒಂದು ಗುಟ್ಟು ಹೇಳುತ್ತೇನೆ. ಅಲ್ಲಿಗೆ ಬರುವವರಲ್ಲಿ ಜಾಸ್ತಿ ನಮ್ಮಂಥ ಗುಜರಿಯವರೇ. ನಾವು ನೋಡುವುದು ತೂಕ. ಅಲ್ಯೂಮಿನಿಯಂ ಬೋಟಾದರೆ ಕಿಲೋ ಲೆಕ್ಕ ಹಾಕಿ ರೇಟು ಏರಿಸುತ್ತೇವೆ, ನಿಮ್ಮಂಥವರಿಗೆ ಸಿಗುವುದು ಕಷ್ಟ. ಫೈಬರ್‌ಗೆ ಗುಜರಿಯಲ್ಲಿ ಕಾಸಿನ ಬೆಲೆ ಇಲ್ಲ. ಅದನ್ನು ಕರಗಿಸಲು ಆಗುವುದಿಲ್ಲ, ಮಾರಲೂ ಆಗುವುದಿಲ್ಲ. ಹಾಗಾಗಿ ಇಂಜಿನ್‌ಗೆ ಎಷ್ಟು ಬರುತ್ತದೋ ಅಷ್ಟಕ್ಕೆ ನಾವು ನಿಲ್ಲಿಸಿಬಿಡುತ್ತೇವೆ. ಅದರ ಮೇಲೆ ಸ್ವಲ್ಪ ಹಾಕಿದವನಿಗೆ ಬೋಟು ಹೆಚ್ಚುಕಡಿಮೆ ಪುಕ್ಕಟೆ. ಆದರೆ ಲಾಟ್‌ನಲ್ಲಿ, ಅಂದರೆ ಒಟ್ಟಿಗೆ ಮಾರುವ ಗುಂಪಿನಲ್ಲಿ, ಏನೇನಿದೆ ನೋಡಿಕೊಳ್ಳಿ. ಬೋಟಿನ ಜೊತೆ ಮುರಿದ ಬೀರು, ಹಳೇ ಟಯರು ಎಲ್ಲ ಸೇರಿಸಿರುತ್ತಾರೆ. ಬೇಡದಿದ್ದರೂ ಎಲ್ಲವನ್ನೂ ನೀವೇ ಎತ್ತಿಕೊಂಡು ಹೋಗಬೇಕು.

ಬಂದರಿನವ: ಪುಕ್ಕಟೆಯಾ! ಬಿಡ್ ಹಾಕುವ ಮೊದಲೇ ಇಎಂಡಿ ಅಂತ ಠೇವಣಿ ಕಟ್ಟಬೇಕು, ಮೇಲೆ ಜಿಎಸ್‌ಟಿ, ಕ್ರೇನು, ಲಾರಿ. ಅದನ್ನೂ ಹೇಳಿ.

ಸುಟ್ಟ ಕೈ: ನನ್ನ ಕಥೆ ಕೇಳಿ. ಒಂದು ಕಚೇರಿಯ ಬೋಟಿಗೆ ನನ್ನ ಬಿಡ್ಡೇ ಮೇಲೆ ನಿಂತಿತು. ಗೆದ್ದೆ ಅಂತ ಮನೆಯಲ್ಲಿ ಪಾಯಸ ಮಾಡಿಸಿದೆ. ಆಮೇಲೆ ಗೊತ್ತಾಯಿತು, ಅದು ‘ಎಸ್‌ಟಿಎ’, ಅಂದರೆ ಮಾರುವವರು ಒಪ್ಪಿದರೆ ಮಾತ್ರ ನಮ್ಮದು. ಒಪ್ಪಿಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಬೋಟಿನ ತುಂಬ ನೀರು, ಅದರಲ್ಲಿ ಕಪ್ಪೆ ಮರಿ. ಲಾರಿ ಸಿಗದೆ ನಾಲ್ಕು ದಿನ ತಡವಾಯಿತು, ಜಾಗದ ಬಾಡಿಗೆಯನ್ನೂ ಕಿತ್ತುಕೊಂಡರು. ಅವರ ತಡಕ್ಕೆ ಲೆಕ್ಕವಿಲ್ಲ, ನಮ್ಮ ತಡಕ್ಕೆ ದಂಡ!

ಹ್ಯೂಸ್ಟನ್ ಕನ್ನಡಿಗ: ಇಲ್ಲಿ ಅಮೆರಿಕದಲ್ಲೂ ಅದೇ ‘ಇದ್ದ ಹಾಗೆ’ ಕಥೆ. ಜಿಎಸ್ಎ ಆಕ್ಷನ್ಸ್ ಅಂತ ಕೇಂದ್ರ ಸರ್ಕಾರದ ತಾಣ ಇದೆ. ಗೆದ್ದರೆ ಕೆಲಸದ 2 ದಿನದೊಳಗೆ ದುಡ್ಡು ಕಟ್ಟಬೇಕು, ಕೆಲಸದ 10 ದಿನದೊಳಗೆ ಎತ್ತಬೇಕು. ಆದರೆ ಇಲ್ಲಿ ಒಂದು ಅನುಕೂಲ, ಬೋಟಿನ ಹಿಂಬದಿಯಲ್ಲಿ ಬಲಕ್ಕೆ 12 ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಕೆತ್ತಿರುತ್ತಾರೆ. ಯಾರು ಕಟ್ಟಿದ್ದು, ಯಾವ ವರ್ಷದ್ದು ಅಂತ ಅದರಿಂದ ತಿಳಿಯುತ್ತದೆ.

ಬಂದರಿನವ: ನಮ್ಮಲ್ಲಿ ಪೇಂಟ್ ಕೆರೆದು ನೋಡಿದರೆ ಹಳೇ ಇಲಾಖೆಯ ಹೆಸರು ಸಿಗುತ್ತದೆ, ಅಷ್ಟೇ.

ಇಂಜಿನ್ ಅಣ್ಣ: ಮಲ್ಪೆಯಲ್ಲಿ ಔಟ್‌ಬೋರ್ಡ್ ರಿಪೇರಿ ನನ್ನ ಕಸುಬು. ಫೋಟೊ ನೋಡಿ ಬಿಡ್ ಹಾಕಬೇಡಿ. ಕ್ಯಾಟಲಾಗ್‌ನಲ್ಲಿ ಮಾಲು ನೋಡುವ ದಿನ ಬರೆದಿರುತ್ತದೆ, ಆ ದಿನ ಹೋಗಿ. ಮೊದಲು ಇಂಜಿನ್ ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಆಯಿಲ್ ಹಾಲು ಹಾಕಿದ ಟೀ ಥರ ಬಂದರೆ ಸೀಲ್ ಹೋಗಿ ನೀರು ನುಗ್ಗಿದೆ ಅಂತ ಅರ್ಥ. ಆಮೇಲೆ ಇಂಜಿನ್ ಕೂರಿಸುವ ಹಿಂಬದಿ ಹಲಗೆ. ಹೊರಗೆ ಫೈಬರ್, ಒಳಗೆ ಎಷ್ಟೋ ಬೋಟಿನಲ್ಲಿ ಪ್ಲೈವುಡ್. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ, ದಬ್ ಅಂದ ಕಡೆ ಒಳಗೆ ಕೊಳೆತಿದೆ. ತಳದ ತೂತು ದೊಡ್ಡ ವಿಷಯವೇ ಅಲ್ಲ, ಫೈಬರ್ ಮ್ಯಾಟ್‌ಗೆ ರೆಸಿನ್ ಅಂಟು ಹಚ್ಚಿ ಒಂದು ದಿನದಲ್ಲಿ ಮುಚ್ಚಬಹುದು. ಹಲಗೆ ಕೊಳೆತಿದ್ದರೆ ಮಾತ್ರ ಹಿಂದೆ ನೋಡದೆ ಮನೆಗೆ ಬನ್ನಿ.

ಬಂದರಿನವ: ಕಾಗದಪತ್ರ ಯಾರೂ ಕೇಳುತ್ತಿಲ್ಲ! ಸಮುದ್ರದಲ್ಲಿ ಮೀನು ಹಿಡಿಯಲು 1986ರ ಕರ್ನಾಟಕ ಕಡಲ ಮೀನುಗಾರಿಕೆ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಹೊಳೆಯಲ್ಲಿ ಇಂಜಿನ್ ಬೋಟು ಓಡಿಸಲು 2021ರ ಒಳನಾಡು ಹಡಗು ಕಾಯ್ದೆ ಇದೆ, ಅದರಲ್ಲಿ ನೋಂದಣಿ, ಸರ್ವೆ ಅಂದರೆ ಬೋಟಿನ ತಪಾಸಣೆ, ಎಲ್ಲ ಇದೆ. ಹರಾಜಿನ ರಸೀದಿ ತೋರಿಸಿದರೆ ಬಿಟ್ಟುಬಿಡುತ್ತಾರಾ?

ಗುಜರಿ ಲೆಕ್ಕ: ಅದು ಮಾತ್ರ ನಿಜ. ಮಾರಾಟದ ಆದೇಶ, ಡೆಲಿವರಿ ಆದೇಶ ಎರಡನ್ನೂ ಜೋಪಾನವಾಗಿಡಿ. ನೋಂದಣಿಗೆ ಹೋದಾಗ ನಿಮ್ಮ ಕೈಯಲ್ಲಿರುವುದು ಅಷ್ಟೇ.

ಹೊಳೆಬದಿಯವ: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿ ನೋಡಿ ಬಂದೆ. ಹಲಗೆ ಟಕ್ ಟಕ್ ಅಂತು. ಇಂಜಿನ್ ಕವರ್ ತೆಗೆದರೆ ಒಳಗೆ ಕಾರ್ಬೊರೇಟರೇ ಇಲ್ಲ, ಕಣಜದ ಗೂಡು ಇತ್ತು. ಗೇರ್ ಆಯಿಲ್ ಪಕ್ಕಾ ಟೀ.

ಇಂಜಿನ್ ಅಣ್ಣ: ಹಾಗಾದರೆ ಇಂಜಿನ್‌ಗೆ ಸೊನ್ನೆ ಬೆಲೆ ಕಟ್ಟಿ. ಬರೀ ಬೋಟಿಗೆ ಎಷ್ಟು ಕೊಡಬಹುದೋ ಅಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತುಕೊಳ್ಳಿ. ಕೊನೇ ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ಮುಂದಕ್ಕೆ ಹೋಗುತ್ತದೆ. ಆಗಲೇ ತಲೆ ಕೆಡುವುದು.

ಬಂದರಿನವ: ಲೈಸೆನ್ಸ್ ವಿಷಯ?

ಹೊಳೆಬದಿಯವ: ನಾಳೆ ಬೆಳಿಗ್ಗೆ ಕಚೇರಿಗೆ ಹೋಗಿ ಕೇಳುತ್ತೇನೆ. ಅಲ್ಲಿ ಸರಿ ಅಂದರೆ ಮಾತ್ರ ಇಎಂಡಿ ಕಟ್ಟುವುದು. ಪಾಯಸ ಅಂತೂ ಮಾಡಿಸುವುದಿಲ್ಲ.