ಕೋರ್ಸ್ ಪಬ್ಲಿಶ್ ಆಗೈತಿ, ಆದ್ರ ಲಿಂಕ್ ಕಳಿಸಿದ್ರ ಯಾರಿಗೂ ಕಾಣವಲ್ದು

ಟಿಕೋಟಾ_ಮಣೂಕ:

ಎಲ್ಲಾರಿಗೂ ನಮಸ್ಕಾರ್ರಿ. ಮಣೂಕ ಶೆಡ್ಡಿನ ಕೆಲಸಕ್ಕ ಹೊಸದಾಗಿ ಬರೂ ಮಂದಿಗೆ ಅಂತ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಅನ್ನೂ ಕೋರ್ಸ್ ತಯಾರಿಸೂ ಸಾಫ್ಟ್‌ವೇರ್‌ನ್ಯಾಗ ಒಂದು ತರಬೇತಿ ಕೋರ್ಸ್ ಮಾಡೀನಿ. ಗೊನಿ ಆರಿಸೂದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕಲಿಸಿದ ನೀರಾಗ ಅದ್ದೂದು, ಶೆಡ್ಡಿನ ಬಲಿ ಮ್ಯಾಲ ತೆಳ್ಳಗ ಹರವೂದು, ಎಲ್ಲಾ ಫೋಟೊ ಮತ್ತ ದನಿ ಸಮೇತ ಐತಿ. ಕಡೀಕ ಸಣ್ಣ ಪ್ರಶ್ನಾವಳಿ. ಪಬ್ಲಿಶ್ ಒತ್ತಿದ ಮ್ಯಾಲ ಯಾವ ಎರರ್ ಇಲ್ದ ಮುಗೀತು, ನನ್ನ ಲ್ಯಾಪ್‌ಟಾಪ್‌ನ್ಯಾಗ ಛಲೋ ಓಡ್ತೈತಿ.

ಬಂದ ಫೋಲ್ಡರ್ ಝಿಪ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿದೆ. ಲಿಂಕ್ ಇದ್ದವರು ಯಾರ ಬೇಕಾದ್ರೂ ನೋಡಬಹುದು ಅನ್ನೂ ಸೆಟ್ಟಿಂಗ್ ಇಟ್ಟು ವಾಟ್ಸಾಪ್ ಗ್ರೂಪ್‌ಗೆ ಕಳಿಸಿದೆ. ಮಂದಿಗೆ ಝಿಪ್ ಕಾಣ್ತೈತಿ, ಕೋರ್ಸ್ ಕಾಣವಲ್ದು. ಝಿಪ್ ಬಿಚ್ಚಿ ಫೋಲ್ಡರ್ ಹಾಕಿದ್ರ, ಸ್ಟೋರಿ ಅನ್ನೂ ಫೈಲ್ ಒತ್ತಿದವರಿಗೆ ಪರದೆ ತುಂಬ ಕೋಡ್ ಬರಾಕತ್ತೈತಿ. ಫೆಬ್ರವರಿ ಹೊತ್ತಿಗೆ ಕೊಯ್ಲು ಜೋರಾಗ್ತೈತಿ, ಅದಕ್ಕೂ ಮೊದಲ ಇದು ಮಂದಿ ಕೈಗೆ ಮುಟ್ಟಬೇಕು. ಏನ್ ಮಾಡ್ಲಿರಿ?

ಕಿತ್ತೂರ_ಸರ್ವರ್:

ಮೊದಲ ಒಂದು ಮಾತು ಗೊತ್ತಾಗಬೇಕ್ರಿ. ಪಬ್ಲಿಶ್ ಮಾಡೂವಾಗ ಕಿಟಕಿಯ ಎಡಗಡೆ ವೆಬ್ ಅಂತ ಆರಿಸಿದ್ರೊ, ಎಲ್‌ಎಂಎಸ್ (ಲಾಗಿನ್ ಇಟ್ಟು ಕೋರ್ಸ್ ನಡಿಸಿ ಅಂಕ ಬರದಿಡೂ ವ್ಯವಸ್ಥೆ) ಅಂತ ಆರಿಸಿದ್ರೊ? ನೆನಪಿಲ್ಲ ಅಂದ್ರ ಫೋಲ್ಡರ್ ತೆಗೆದು ನೋಡ್ರಿ. ಐಎಂಎಸ್‌ಮ್ಯಾನಿಫೆಸ್ಟ್ ಅನ್ನೂ ಎಕ್ಸ್‌ಎಂಎಲ್ ಫೈಲ್ ಇದ್ರ ಅದು ಸ್ಕಾರ್ಮ್ ಪ್ಯಾಕೇಜು, ಅಂದ್ರ ಎಲ್‌ಎಂಎಸ್‌ಗೆ ಹಾಕೂ ನಮೂನಿ, ಅದರ ದಾರಿ ಬ್ಯಾರೆ. ಇಲ್ಲಂದ್ರ ಹೆಚ್ಚಾಗಿ ವೆಬ್.

ಟಿಕೋಟಾ_ಮಣೂಕ:

ಆ ಹೆಸರಿನ ಫೈಲ್ ಇಲ್ರಿ. ಸ್ಟೋರಿ ಡಾಟ್ ಎಚ್‌ಟಿಎಂಎಲ್ ಐತಿ, ಜೋಡಿ ಎಚ್‌ಟಿಎಂಎಲ್5, ಸ್ಟೋರಿ ಕಂಟೆಂಟ್ ಅಂತ ಫೋಲ್ಡರ್ ಅದಾವು. ನಾನ ಮ್ಯಾಲಿಂದ ಒಂದು ಪಿಡಿಎಫ್ ಇಟ್ಟೀನಿ, ಅದ್ದೂ ದ್ರಾವಣದ ಅಳತಿ ಚೀಟಿ. ಕಡೀ ಸ್ಲೈಡಿನ್ಯಾಗ ಅದಕ್ಕ ಲಿಂಕ್ ಐತಿ.

ಕಿತ್ತೂರ_ಸರ್ವರ್:

ಹಂಗಾದ್ರ ಕೋರ್ಸಿನ್ಯಾಗ ಏನೂ ದೋಷ ಇಲ್ಲ, ಇಟ್ಟ ಜಾಗಾ ಅದಕ್ಕ ಹೊಂದಾಂಗಿಲ್ಲ. ಡ್ರೈವ್ ಫೈಲ್ ಇಡೂ ಜಾಗಾ, ವೆಬ್‌ಸೈಟ್ ನಡಿಸೂ ಜಾಗಾ ಅಲ್ಲ. ಎಚ್‌ಟಿಎಂಎಲ್ ಫೈಲನ್ನ ಅದು ಪುಟ ಮಾಡಿ ತೋರಸಂಗಿಲ್ಲ, ಒಳಗ ಬರದಿದ್ದನ್ನ ಇದ್ದಂಗ ತೋರಸ್ತೈತಿ. ಹಿಂದ ಡ್ರೈವ್‌ನ್ಯಾಗ ವೆಬ್ ಹೋಸ್ಟಿಂಗ್ ಸೌಲಭ್ಯ ಇತ್ತು, ಅದನ್ನ 2016ರ ಆಗಸ್ಟ್ 31ಕ್ಕ ನಿಲ್ಲಿಸಿದ್ರು. ಅದಕ್ಕೂ ಹಳೇ ವಿಡಿಯೊಗಳು ಇನ್ನೂ ಯೂಟ್ಯೂಬ್‌ನ್ಯಾಗ ಅದಾವು, ಅವನ್ನ ನೋಡಿ ಭಾಳ ಮಂದಿ ಸೆಟ್ಟಿಂಗ್ ಹುಡಿಕ್ಕೋತ ಕೂಡ್ತಾರ. ಅನುಮತಿ ಎಷ್ಟ ಬದಲಾಯಿಸಿದ್ರೂ ಇದು ಸರಿ ಆಗೂದಿಲ್ಲ.

ಝಿಪ್ಪನ್ನ ಫೋನಿಗೆ ಇಳಿಸ್ಕೋರಿ ಅಂತ ಹೇಳೂದೂ ಬ್ಯಾಡ. ಸ್ಟೋರಿ ಫೈಲ್ ತನ್ನ ಬಾಜೂಕಿನ ಫೋಲ್ಡರ್‌ಗಳಿಂದ ಚಿತ್ರ, ದನಿ, ಸ್ಕ್ರಿಪ್ಟ್ ಎಲ್ಲಾ ಎಳಕೋತೈತಿ. ಫೋನಿನ ಬ್ರೌಸರ್ ಇಳಿಸಿದ ಒಂದು ಫೈಲ್ ತೆಗೀತೈತಿ, ಬಾಜೂಕಿನ ಫೋಲ್ಡರ್ ಮುಟ್ಟೂದಿಲ್ಲ. ಸ್ಟೋರಿ ಫೈಲ್ ಒಂದನ್ನ ಕಳಿಸಿದ್ರ ಗಾಲಿ ಇಲ್ಲದ ಚಕ್ಕಡಿ ಕಳಿಸಿದಂಗ.

ಈಗ ಹಿಂಗ ಮಾಡ್ರಿ. ಸ್ಟೋರಿ ಡಾಟ್ ಎಚ್‌ಟಿಎಂಎಲ್ ಅನ್ನೂದನ್ನ ಅದೇ ಫೋಲ್ಡರಿನ್ಯಾಗ ಕಾಪಿ ಮಾಡಿ, ಕಾಪಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತ ಹೆಸರಿಡ್ರಿ. ವಿಳಾಸ ಒತ್ತಿದ ಕೂಡಲೆ ಸರ್ವರ್ ಮೊದಲ ಹುಡುಕೂದ ಆ ಹೆಸರು. ಆಮ್ಯಾಲ ನೆಟ್ಲಿಫೈ ಡ್ರಾಪ್ ಅನ್ನೂ, ಫೋಲ್ಡರನ್ನ ವೆಬ್‌ಸೈಟ್ ಮಾಡಿ ಕೊಡೂ ಪುಟ ತೆಗೆದು, ಝಿಪ್ ಬಿಚ್ಚಿದ ಇಡೀ ಫೋಲ್ಡರನ್ನ ಮೌಸಿನಿಂದ ಎಳೆದು ಅಲ್ಲಿ ಬಿಡ್ರಿ. ಅಪ್‌ಲೋಡ್ ಮುಗಿದ್ರ ಲಿಂಕ್ ಕೊಡ್ತೈತಿ. ಖಾತೆ ತೆರೀಲಿಲ್ಲ ಅಂದ್ರ ಆ ಲಿಂಕ್ ಸ್ವಲ್ಪ ಹೊತ್ತಿಗೆ ಅಳಿಸಿ ಹೋಗ್ತೈತಿ, ಹಂಗಾಗಿ ಇಮೇಲ್ ಕೊಟ್ಟು ಖಾತೆ ಮಾಡ್ರಿ. ಸೈಟಿನ ಹೆಸರು ಮೊದಲ ಏನೋ ಉದ್ದಂದು ಬಂದಿರ್ತೈತಿ, ಸೆಟ್ಟಿಂಗ್‌ನ್ಯಾಗ ಸಣ್ಣ ಹೆಸರಿಗೆ ಬದಲಾಯಿಸ್ರಿ. ಫೋನಿನ್ಯಾಗ ಹೇಳಿದ್ರೂ ಬರಕೊಳ್ಳೂವಂಗ ಇರಬೇಕು.

ಗ್ರೂಪ್‌ಗೆ ಕಳಿಸೂಕಿಂತ ಮೊದಲ ಬ್ಯಾರೆಯವರ ಫೋನಿನ್ಯಾಗ, ಮೊಬೈಲ್ ಡೇಟಾದ ಮ್ಯಾಲ, ಯಾವ ಲಾಗಿನ್ ಇಲ್ದ ತೆಗೆದು ಪೂರ್ತಿ ನೋಡ್ರಿ. ನಿಮ್ಮ ಬ್ರೌಸರಿನ್ಯಾಗ ಓಡೂದು ಪುರಾವೆ ಅಲ್ಲ.

ನವನಗರ_ಪಾಠ:

ಬಾಗಲಕೋಟಿಯಿಂದ. ವೆಬ್‌ಸೈಟ್ ಇಡಾಕ ಗಿಟ್‌ಹಬ್ ಪೇಜಸ್ ಕೂಡ ಪುಕ್ಕಟೆ ಐತ್ರಿ, ನಾವು ಅದನ್ನ ಬಳಸ್ತೀವಿ. ಎರಡು ಮಿತಿ ನೆನಪಿರ್ಲಿ. ಒಂದು ಫೈಲ್ 100 ಎಂಬಿ ದಾಟಿದ್ರ ಗಿಟ್‌ಹಬ್ ತಗೊಳ್ಳೂದಿಲ್ಲ, ಇಡೀ ಸೈಟ್ 1 ಜಿಬಿ ಒಳಗ ಇರಬೇಕು. ಫೋಲ್ಡರಿನ ಹೆಸರು ಅಂಡರ್‌ಸ್ಕೋರ್‌ನಿಂದ (_) ಶುರು ಆಗಿದ್ರ ಅದನ್ನ ಬಿಟ್ಟು ಪ್ರಕಟಿಸ್ತೈತಿ, ಆಗ ಡಾಟ್ ನೋಜೆಕಿಲ್ (.nojekyll) ಅನ್ನೂ ಖಾಲಿ ಫೈಲ್ ಒಂದು ಮ್ಯಾಲಿನ ಹಂತದಾಗ ಇಟ್ರ ಸರಿ ಹೋಗ್ತೈತಿ.

ನನ್ನದೂ ಒಂದು ಪ್ರಶ್ನೆ: ಹಿಂಗ ಇಟ್ರ ಯಾರು ಪೂರ್ತಿ ಮುಗಿಸಿದ್ರು, ಯಾರಿಗೆ ಎಷ್ಟು ಅಂಕ ಬಂತು ಅಂತ ತಿಳೀತೈತೇನ್ರಿ?

ಕಿತ್ತೂರ_ಸರ್ವರ್:

ತಿಳಿಯೂದಿಲ್ರಿ. ವೆಬ್ ಔಟ್‌ಪುಟ್‌ಗೆ ನೋಡಾವ ಯಾರು ಅನ್ನೂದು ಗೊತ್ತಿರೂದಿಲ್ಲ. ಅಂಕ ದಾಖಲಾಗಬೇಕಂದ್ರ ಎಲ್‌ಎಂಎಸ್ ಆರಿಸಿ ಸ್ಕಾರ್ಮ್ 1.2 ಪಬ್ಲಿಶ್ ಮಾಡಿ ಮೂಡಲ್‌ನಂಥ ಎಲ್‌ಎಂಎಸ್‌ನ್ಯಾಗ ಹಾಕಬೇಕು. ಅಲ್ಲಿ ಝಿಪ್ಪನ್ನ ಬಿಚ್ಚದ, ಇದ್ದಂಗ ಹಾಕೂದು. ಆ ಮ್ಯಾನಿಫೆಸ್ಟ್ ಫೈಲ್ ಝಿಪ್ಪಿನ ಮೊದಲ ಹಂತದಾಗ ಇರಬೇಕು. ಫೋಲ್ಡರನ್ನ ನೀವ ಮತ್ತೊಮ್ಮೆ ಝಿಪ್ ಮಾಡಿದ್ರ ಅದು ಒಂದು ಹಂತ ಒಳಗ ಹೋಗಿ, ಪ್ಯಾಕೇಜ್ ಸರಿ ಇಲ್ಲ ಅಂತ ಮೂಡಲ್ ತಿರುಗಿ ಕಳಿಸ್ತೈತಿ.

ಮೂಡಲ್‌ನ್ಯಾಗೂ "ಕೋರ್ಸ್ ಹಾಕೀನಿ, ಯಾರಿಗೂ ಕಾಣವಲ್ದು" ಅನ್ನೂ ದೂರು ಬರ್ತೈತಿ. ಕೋರ್ಸ್ ಸೆಟ್ಟಿಂಗಿನ್ಯಾಗ ಗೋಚರತೆ ತೋರಿಸು ಅಂತ ಇರಬೇಕು, ಅಷ್ಟ ಸಾಲೂದಿಲ್ಲ, ನೋಂದಣಿ ವಿಧಾನದಾಗ ಸ್ವಯಂ ನೋಂದಣಿ ಅಥವಾ ಅತಿಥಿ ಪ್ರವೇಶ ಚಾಲೂ ಇರಬೇಕು. ಅತಿಥಿಯಾಗಿ ಬಂದವರ ಅಂಕ ಉಳಿಯೂದಿಲ್ಲ, ಹಂಗಾಗಿ ಲೆಕ್ಕ ಬೇಕಿದ್ದವರು ಸ್ವಯಂ ನೋಂದಣಿನ ಇಡ್ರಿ.

ಆದ್ರ ಶೆಡ್ಡಿಗೆ ಬರೂ ಹೆಣ್ಮಕ್ಕಳಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಮಾಡ್ಕೋರಿ ಅಂದ್ರ ಅರ್ಧಕ್ಕರ್ಧ ಮಂದಿ ಅಲ್ಲೇ ನಿಲ್ತಾರ. ಕೆಲಸ ಕಲಿಯೂದ ಮುಖ್ಯ ಅನ್ನೂ ಕಡೆ ನಾನು ಬಾಗಿಲ ತೆಗೆದಿಟ್ಟ ಲಿಂಕಿನ ಪರವಾಗಿದ್ದೀನಿ. ಲೆಕ್ಕ ಬೇಕೇ ಬೇಕಂದ್ರ ಕಡೀ ಸ್ಲೈಡಿಗೆ ಒಂದು ಗೂಗಲ್ ಫಾರ್ಮ್ ಜೋಡಿಸ್ರಿ, ಹೆಸರು ಮತ್ತ ಊರು ಎರಡ ಕೇಳ್ರಿ.

ಟಿಕೋಟಾ_ಮಣೂಕ:

ತೆರೀತ್ರಿ! ನಮ್ಮವ್ವನ ಫೋನಿನ್ಯಾಗ ದನಿ ಸಮೇತ ಓಡ್ತು. ಆದ್ರ ಅಳತಿ ಚೀಟಿ ಪಿಡಿಎಫ್ ಒತ್ತಿದ್ರ ಪುಟ ಸಿಗಲಿಲ್ಲ ಅಂತ ಬರ್ತೈತಿ. ನನ್ನ ಲ್ಯಾಪ್‌ಟಾಪ್‌ನ್ಯಾಗ ಅದೇ ಲಿಂಕ್ ಫೋಲ್ಡರಿಂದ ತೆಗೆದ್ರ ಬರ್ತೈತಿ. ಆ ಅಳತಿ ಚೀಟಿನ ಮುಖ್ಯ ರೀ, ದ್ರಾವಣ ಹೆಚ್ಚುಕಮ್ಮಿ ಆದ್ರ ಮಣೂಕದ ಬಣ್ಣ ಕೆಡ್ತೈತಿ.

ನವನಗರ_ಪಾಠ:

ಫೈಲಿನ ಹೆಸರು ನೋಡ್ರಿ ಅಕ್ಕಾರ. ಇಂಗ್ಲಿಷ್ ಹೆಸರಿನ್ಯಾಗ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ ಅಂತ ವಿಂಡೋಸ್ ತಿಳಕೋತೈತಿ. ಇಂಥ ಸರ್ವರ್‌ಗಳು ಹಂಗ ತಿಳಕೊಳ್ಳೂದಿಲ್ಲ. ಸ್ಕ್ಯಾನರಿಂದ ಬಂದ ಫೈಲಿನ ಕಡೀಕ ಪಿಡಿಎಫ್ ಅನ್ನೂದು ಪೂರ್ತಿ ದೊಡ್ಡ ಅಕ್ಷರದಾಗ ಇರ್ತೈತಿ, ಸ್ಲೈಡಿನ್ಯಾಗ ನಾವು ಸಣ್ಣ ಅಕ್ಷರದಾಗ ಬರದಿರ್ತೀವಿ. ಹೆಸರಿನ ನಡುವ ಖಾಲಿ ಜಾಗಾನೂ ಬ್ಯಾಡ, ಅಡ್ಡಗೆರಿ (-) ಹಾಕ್ರಿ.

ಟಿಕೋಟಾ_ಮಣೂಕ:

ಅದೇ ಆಗಿತ್ತು ನೋಡ್ರಿ. ಫೈಲಿನ ಹೆಸರು ಸಣ್ಣ ಅಕ್ಷರಕ್ಕ ಬದಲಾಯಿಸಿ ಫೋಲ್ಡರ್ ಮತ್ತ ಹಾಕಿದೆ, ಚೀಟಿ ಬಂತು. ಇಬ್ಬರಿಗೂ ಮನಸಾರೆ ಧನ್ಯವಾದ.

ಕಡೀ ಪ್ರಶ್ನೆ. ಮುಂದ ಸ್ಲೈಡ್ ತಿದ್ದಿದ್ರ ಎಲ್ಲಾರಿಗೂ ಹೊಸಾ ಲಿಂಕ್ ಕಳಿಸಬೇಕೇನ್ರಿ? ಲಿಂಕ್ ಆಗಲೇ ಮೂರ್ನಾಲ್ಕು ಊರಿನ ಗ್ರೂಪಿಗೆ ಹೋಗೈತಿ.

ಕಿತ್ತೂರ_ಸರ್ವರ್:

ಬ್ಯಾಡ್ರಿ ಅಕ್ಕಾರ. ಡ್ರಾಪ್ ಪುಟಕ್ಕ ಮತ್ತ ಹೋಗಬ್ಯಾಡ್ರಿ, ಅಲ್ಲಿ ಹೊಸಾ ಸೈಟ್ ಆಗ್ತೈತಿ. ನಿಮ್ಮ ಖಾತೆಯೊಳಗ ಅದೇ ಸೈಟ್ ತೆಗೆದು, ಡಿಪ್ಲಾಯ್ಸ್ ಅನ್ನೂ ಪುಟದಾಗ ಹೊಸಾ ಫೋಲ್ಡರ್ ಎಳೆದು ಬಿಡ್ರಿ. ಲಿಂಕ್ ಹಳೇದ ಇರ್ತೈತಿ, ಒಳಗಿಂದು ಹೊಸದಾಗ್ತೈತಿ. ಬರೇ ತಿದ್ದಿದ ಫೈಲ್ ಹಾಕಬ್ಯಾಡ್ರಿ, ಇಡೀ ಫೋಲ್ಡರ್ ಹಾಕ್ರಿ, ಇಲ್ಲಂದ್ರ ಉಳಿದದ್ದೆಲ್ಲಾ ಸೈಟಿನಿಂದ ಹೋಗಿಬಿಡ್ತೈತಿ. ಸ್ಟೋರಿಲೈನ್ ಪ್ರತಿ ಸಲ ಸ್ಟೋರಿ ಅನ್ನೂ ಹೆಸರಿನ್ಯಾಗ ಪಬ್ಲಿಶ್ ಮಾಡ್ತೈತಿ, ಹಂಗಾಗಿ ಇಂಡೆಕ್ಸ್ ಕಾಪಿಯನ್ನೂ ಅಳತಿ ಚೀಟಿಯನ್ನೂ ಪ್ರತಿ ಸಲ ನೀವ ಸೇರಿಸಬೇಕು. ಯಾರಿಗರ ಹಳೇ ಸ್ಲೈಡ್ ಕಂಡ್ರ ಬ್ರೌಸರಿನ ಕ್ಯಾಶೆ (ಅದು ಕೂಡಿಟ್ಟ ಹಳೇ ಪುಟ) ಅಳಿಸಿ ಮತ್ತ ನೋಡಾಕ ಹೇಳ್ರಿ.

ಇನ್ನೊಂದು. ಲಿಂಕ್ ಯಾರ ಕೈಗೆ ಬೇಕಾದ್ರೂ ಹೋಗಬಹುದು. ಸ್ಲೈಡಿನ್ಯಾಗ ಕೆಲಸದ ಹೆಣ್ಮಕ್ಕಳ ಮುಖ ಕಾಣೂ ಫೋಟೊ ಇದ್ರ ಅವರನ್ನ ಕೇಳಿ ಇಡ್ರಿ, ಫೋನ್ ನಂಬರ್ ಇದ್ರ ಇವತ್ತ ತೆಗೀರಿ.