ಮೊದಲ ಕೊಯ್ಲು ಚೆನ್ನಾಗಿ ಬಂತು, ಎರಡನೆಯದು ಯಾಕೆ ಬರ್ತಿಲ್ಲ?

ಪ್ರಶ್ನೆ (ಮೈಸೂರಿನಿಂದ):
ನಮಸ್ಕಾರ ಮೇಡಂ. ಮೊದಲ ಸಲ ಮನೆಯಲ್ಲೇ ಚಿಪ್ಪಣಬೆ ಚೀಲ ಕಟ್ಟಿದೆ, ಬಿಳಿ ಆಯ್ಸ್ಟರ್. 1 ಕೆಜಿ ಒಣ ಭತ್ತದ ಹುಲ್ಲಿಗೆ 100 ಗ್ರಾಂ ಬೀಜ. ಕಟ್ಟಿದ ದಿನ ಚೀಲದ ತೂಕ 3 ಕೆಜಿ 100 ಗ್ರಾಂ. 19ನೇ ದಿನಕ್ಕೆ ಪೂರ್ತಿ ಬೆಳ್ಳಗಾಯ್ತು, ಪ್ಲಾಸ್ಟಿಕ್ ಬಿಚ್ಚಿದೆ. 25ನೇ ದಿನ 420 ಗ್ರಾಂ ಅಣಬೆ ಸಿಕ್ತು, ಮನೆಮಂದಿಗೆಲ್ಲ ಸಂಭ್ರಮ. ಕೊಯ್ದು ಇವತ್ತಿಗೆ 16 ದಿನ. ಒಂದೇ ಒಂದು ಮೊಗ್ಗಿಲ್ಲ. ದಿನಕ್ಕೆ ಎರಡು ಸಲ ನೀರು ಸ್ಪ್ರೇ ಮಾಡ್ತಾನೇ ಇದ್ದೀನಿ. ಮೂರು ಸಲ ಕೊಯ್ಯಬಹುದು ಅಂತ ಬೀಜ ಕೊಟ್ಟವರು ಹೇಳಿದ್ರು. ಚೀಲ ಸತ್ತುಹೋಯ್ತಾ?

ಉತ್ತರ:
ಸತ್ತಿರಲಿಕ್ಕಿಲ್ಲ, ಎಸೆಯಬೇಡಿ. ನೀವು ಕಟ್ಟಿದ ದಿನವೇ ತೂಕ ಬರೆದಿಟ್ಟಿದ್ದು ಬಹಳ ಒಳ್ಳೇದಾಯ್ತು. ಮೂರು ವಿಷಯ ತಿಳಿಸಿ. ಈಗ ಚೀಲದ ತೂಕ ಎಷ್ಟು? ಅಣಬೆಯನ್ನು ಹೇಗೆ ಕೊಯ್ದಿರಿ? ಚೀಲ ಎಲ್ಲಿ ತೂಗುಹಾಕಿದ್ದೀರಿ?

ಮೈಸೂರಿನಿಂದ:
ಈಗ 1 ಕೆಜಿ 550 ಗ್ರಾಂ ಇದೆ ಮೇಡಂ. ವಿಡಿಯೊದಲ್ಲಿ ತೋರಿಸಿದ ಹಾಗೆ ಚಾಕುವಿನಲ್ಲಿ ಕತ್ತರಿಸಿದೆ, ಬುಡ ಹಾಗೇ ಉಳಿದಿದೆ. ಚೀಲ ಇರೋದು ಸ್ಟೋರ್ ರೂಮಿನಲ್ಲಿ. ಗಾಳಿ ಬೇಕು ಅಂದಿದ್ದಕ್ಕೆ ಸಣ್ಣ ಟೇಬಲ್ ಫ್ಯಾನ್ ಇಟ್ಟಿದ್ದೀನಿ.

ಉತ್ತರ:
ತೂಕದಲ್ಲೇ ಕಾರಣ ಸಿಕ್ಕಿತು. ನಿಮ್ಮ ಚೀಲಕ್ಕೆ ಬಾಯಾರಿದೆ. ಎರಡನೇ ಕೊಯ್ಲಿಗೆ ಬೇಕಾದ ನೀರು ಹುಲ್ಲಿನ ಒಳಗಿರಬೇಕು. ಸ್ಪ್ರೇ ಮಾಡಿದ ನೀರು ಗಾಳಿಯನ್ನು ತೇವ ಇಡುತ್ತೆ, ಮೇಲ್ಮೈ ಒಣಗದಂತೆ ನೋಡಿಕೊಳ್ಳುತ್ತೆ, ಅಷ್ಟೆ. ಅದು ಚೀಲದ ಹೊಟ್ಟೆಗೆ ಇಳಿಯೋದಿಲ್ಲ.

ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ನೀವು 420 ಗ್ರಾಂ ಕೊಯ್ದಾಗ ಹೆಚ್ಚುಕಡಿಮೆ 380 ಗ್ರಾಂ ನೀರನ್ನು ಚೀಲದಿಂದ ಹೊರತೆಗೆದ ಹಾಗಾಯ್ತು. ಅದು ನ್ಯಾಯವಾದ ಖರ್ಚು. ಚೀಲವನ್ನು ಬೆಳ್ಳಗಾಗಿಸಿದ ಅಣಬೆಯ ಬಿಳಿ ಎಳೆಗಳು ಹುಲ್ಲು ತಿಂದು ಉಸಿರಾಡೋದ್ರಲ್ಲೂ ಒಂದಿಷ್ಟು ತೂಕ ಇಳಿಯುತ್ತೆ. ಇವೆರಡನ್ನೂ ಕಳೆದರೂ ಚೀಲ ಎರಡೂಕಾಲು ಕೆಜಿ ಆಸುಪಾಸಿನಲ್ಲಿ ಇರಬೇಕಿತ್ತು. ಅಲ್ಲಿಂದ ಕೆಳಗೆ ಹೋಗಿದ್ದು ಆವಿಯಾದ ನೀರು. ಪ್ಲಾಸ್ಟಿಕ್ ಪೂರ್ತಿ ತೆಗೆದ ಚೀಲಕ್ಕೆ ಫ್ಯಾನ್ ಗಾಳಿ ನೇರವಾಗಿ ಬಡಿದರೆ ಹೀಗೇ ಆಗೋದು. ಅಣಬೆಗೆ ಗಾಳಿ ಬೇಕು ನಿಜ. ಗಾಳಿ ಕಟ್ಟಿದರೆ ಕಾಂಡ ಉದ್ದವಾಗಿ ಕೊಡೆ ಚಿಕ್ಕದಾಗುತ್ತೆ. ಆದರೆ ಅದಕ್ಕೆ ದಿನಕ್ಕೆ ಎರಡು ಮೂರು ಸಲ ಕಿಟಕಿ ಬಾಗಿಲು ತೆರೆದಿಟ್ಟರೆ ಸಾಕು. ಫ್ಯಾನ್ ಇವತ್ತೇ ತೆಗೆದುಬಿಡಿ.

ಈಗ ಮಾಡಬೇಕಾದ್ದು. ಮೊದಲು ಕೈ ಸೋಪಿನಲ್ಲಿ ತೊಳೆದುಕೊಂಡು, ಉಳಿದ ಬುಡಗಳನ್ನೆಲ್ಲ ತಿರುಚಿ ಕಿತ್ತು ತೆಗೆಯಿರಿ. ಬೆಳೆಯದೆ ಕಂದಾಗಿ ಒಣಗಿದ ಸಣ್ಣ ಮೊಗ್ಗುಗಳಿದ್ದರೆ ಅವನ್ನೂ ಬಿಡಬೇಡಿ. ಬುಡ ಕಿತ್ತ ಜಾಗದಲ್ಲಿ ಚೂರು ಹುಲ್ಲು ಬಂದರೂ ಚಿಂತೆಯಿಲ್ಲ. ಚಾಕು ಬಳಸಬೇಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಉಳಿದ ಬುಡ ಕೊಳೆತು ಲೋಳೆಯಾಗುತ್ತೆ, ಆ ವಾಸನೆಗೆ ಸಣ್ಣ ಕಪ್ಪು ನೊಣ ಬಂದು ಮೊಟ್ಟೆ ಇಡುತ್ತೆ, ಹಸಿರು ಬೂಸ್ಟು ಕೂಡ ಮೊದಲು ಅಲ್ಲೇ ಕಾಲೂರುತ್ತೆ. ಇಡೀ ಗೊಂಚಲನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಪೂರ್ತಿ ಬಂದುಬಿಡುತ್ತೆ.

ಆಮೇಲೆ ದೊಡ್ಡ ಬಕೆಟ್‌ನಲ್ಲಿ ಶುದ್ಧ ತಣ್ಣೀರು ತುಂಬಿ ಚೀಲ ಮುಳುಗಿಸಿ. ತೇಲುತ್ತೆ, ಮೇಲೆ ತಟ್ಟೆ ಇಟ್ಟು ಭಾರ ಹೇರಿ. ಹುಲ್ಲಿನ ಚೀಲವಾದ್ದರಿಂದ ಮೂರು ನಾಲ್ಕು ಗಂಟೆ ಸಾಕಾಗಬಹುದು. ಎತ್ತಿ, ನೀರು ತೊಟ್ಟಿಕ್ಕೋದು ನಿಲ್ಲೋವರೆಗೆ ತೂಗುಹಾಕಿ, ಮತ್ತೆ ತೂಕ ನೋಡಿ. 2 ಕೆಜಿ 200 ಗ್ರಾಂ ಹತ್ತಿರ ಬಂದರೆ ಸರಿ, ಕಡಿಮೆ ಇದ್ದರೆ ಇನ್ನೊಂದು ಗಂಟೆ ಮುಳುಗಿಸಿ. ಹಳೆಯ 3 ಕೆಜಿ 100ಕ್ಕೆ ವಾಪಸ್ ತರೋ ಆಸೆ ಬೇಡ. ಈಗ ಹುಲ್ಲೇ ಕಡಿಮೆ ಉಳಿದಿದೆ, ಅಷ್ಟು ನೀರು ತುಂಬಿದರೆ ಚೀಲ ಕೊಳೆಯುತ್ತೆ.

ನೀರು ಇಳಿದ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಹೊದಿಸಿ, ತಂಪು ಜಾಗದಲ್ಲಿ ನಾಲ್ಕೈದು ದಿನ ಬಿಡಿ. ಅದು ಅದರ ವಿಶ್ರಾಂತಿ, ದಿನಾ ಬಿಚ್ಚಿ ನೋಡಬೇಡಿ. ಆಮೇಲೆ ಹೊದಿಕೆ ತೆಗೆದು, ಸುತ್ತ ಒದ್ದೆ ಗೋಣಿಚೀಲ ಇಳಿಬಿಡಿ. ಗಾಳಿಯ ತೇವ 80ರಿಂದ 90 ಪರ್ಸೆಂಟ್ ಇರಬೇಕು. ಪೇಪರ್ ಓದುವಷ್ಟು ಬೆಳಕು ಬೇಕು, ಬಿಸಿಲು ಬೇಡ. ಎಳೆಗಳು ಜೀವಂತವಾಗಿದ್ದರೆ ಎಂಟು ಹತ್ತು ದಿನದಲ್ಲಿ ಮೊಗ್ಗು ಕಾಣುತ್ತೆ.

ಮೊದಲಿನಷ್ಟೇ ಬರುತ್ತೆ ಅಂತ ಮಾತ್ರ ಕಾಯಬೇಡಿ. ಸಾಮಾನ್ಯವಾಗಿ ಮೊದಲ ಕೊಯ್ಲೇ ದೊಡ್ಡದು. ಎರಡನೆಯದು ಅದರ ಅರ್ಧ, ಮೂರನೆಯದು ಇನ್ನೂ ಕಡಿಮೆ. 1 ಕೆಜಿ ಒಣ ಹುಲ್ಲಿಗೆ ಎಲ್ಲ ಕೊಯ್ಲೂ ಸೇರಿ 700 ಗ್ರಾಂ ದಾಟಿದರೆ ಮನೆಬೆಳೆಗೆ ಅದು ಒಳ್ಳೆಯ ಇಳುವರಿ.

ವಿಜಯಪುರದಿಂದ:
ಅಕ್ಕಾರ, ನಮ್ಮ ಕಡೆ ಭತ್ತದ ಹುಲ್ಲು ಸಿಗೂದಿಲ್ರಿ, ಗೋಧಿ ಹೊಟ್ಟಿನಾಗ ಮಾಡೀನಿ. ಎರಡು ಕೊಯ್ಲು ಚಲೋ ಬಂತ್ರಿ. ಈಗ ಚೀಲ ಒಂದ್ ಕಡೆ ಹಸಿರಾಗೈತಿ, ಅಂಗೈಯಷ್ಟು. ಒಗೀಲೋ ಇಟಗೊಳ್ಳಲೋ? ಮತ್ತ ಬ್ಯಾಸಗ್ಯಾಗ ಇದು ಬೆಳಿತೈತೇನ್ರಿ?

ಉತ್ತರ:
ಅಣ್ಣಾ, ಗೋಧಿ ಹೊಟ್ಟಿನಲ್ಲಿ ಎರಡು ಕೊಯ್ಲು ತೆಗೆದಿದ್ದೀರಲ್ಲ, ಕೈ ಪಳಗಿದೆ ಅಂತಾಯ್ತು. ಹಸಿರು ಮಚ್ಚೆ ನಾಣ್ಯದಷ್ಟಿದ್ದರೆ ಕಿತ್ತು ತೆಗೆದು ಮುಂದುವರಿಸಿ ಅನ್ನುತ್ತಿದ್ದೆ. ಅಂಗೈಯಷ್ಟು ಹಬ್ಬಿದೆ, ಅದೂ ಎರಡು ಕೊಯ್ಲು ಮುಗಿದ ಚೀಲ. ಇನ್ನು ಅದರಿಂದ ಸಿಗೋದು ಹಿಡಿಯಷ್ಟು, ಆದರೆ ಆ ಹಸಿರು ಪುಡಿ ಹಾರಿ ಪಕ್ಕದ ಹೊಸ ಚೀಲಗಳಿಗೆ ಕೂತರೆ ನಷ್ಟ ದೊಡ್ಡದು. ಕೋಣೆಯೊಳಗೆ ಬಿಚ್ಚಬೇಡಿ. ಕವರ್‌ನಲ್ಲಿ ಕಟ್ಟಿ ಹೊರಗೆ ಒಯ್ದು ತಿಪ್ಪೆಗುಂಡಿಗೆ ಹಾಕಿ, ಒಳ್ಳೆ ಗೊಬ್ಬರವಾಗುತ್ತೆ. ಮುಂದಿನ ಸಲ ಹೊಟ್ಟನ್ನು 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಇಡಿ. ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಕೊನೆಯಲ್ಲಿ ಕಾಣೋ ಹಸಿರಿಗೆ ಬಹಳ ಸಲ ಮೊದಲ ದಿನದ ಅವಸರವೇ ಕಾರಣ. ಹೊಟ್ಟನ್ನು ಫಾರ್ಮಲಿನ್, ಕಾರ್ಬೆಂಡಜಿಮ್ ಅನ್ನೋ ರಾಸಾಯನಿಕಗಳಲ್ಲಿ ನೆನೆಸೋ ಪದ್ಧತಿಯೂ ಇದೆ. ಮಕ್ಕಳಿರೋ ಮನೆಯಲ್ಲಿ ಅದು ಬೇಡವೇ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಬೇಸಿಗೆಯ ಬಿಸಿ ಚಿಪ್ಪಣಬೆಗೆ ಆಗಿಬರಲ್ಲ, ಆಗ ಹಾಲು ಅಣಬೆ ಅನ್ನೋ ಬೇರೆ ಜಾತಿ ನೋಡಿ. 30ರಿಂದ 35 ಡಿಗ್ರಿ ಅದಕ್ಕೆ ಹಿತ. ಚೀಲ ಬೆಳ್ಳಗಾದ ಮೇಲೆ ಹಬೆಯಲ್ಲಿ ಬೇಯಿಸಿ ಆರಿಸಿದ ಮಣ್ಣನ್ನು ಮೇಲೆ ಒಂದಿಂಚು ಹರಡಬೇಕು, ಆ ಮಣ್ಣು ಒಣಗಬಾರದು. ಹಾಗೆಂದು ಏಪ್ರಿಲ್, ಮೇನಲ್ಲಿ ತಗಡಿನ ಶೆಡ್‌ನೊಳಗೆ ಇಟ್ಟರೆ ಅದೂ ಉಳಿಯಲ್ಲ. ಗೋಣಿ ಕಟ್ಟಿದ ಗುಡಿಸಲು ಮಾಡಿಕೊಳ್ಳಿ.

ಮಂಗಳೂರಿನಿಂದ:
ಹಳೇ ಚೀಲದ ಬಿಳಿ ಹುಲ್ಲನ್ನೇ ಹೊಸ ಚೀಲಕ್ಕೆ ಬೀಜದ ಹಾಗೆ ಬಳಸಬಹುದಾ? ಇನ್ನೊಂದು, ಅಣಬೆ ಕೋಣೆಗೆ ಹೋದಾಗಲೆಲ್ಲ ನಮ್ಮ ಅಮ್ಮನಿಗೆ ಕೆಮ್ಮು.

ಉತ್ತರ:
ಕೆಮ್ಮಿನ ವಿಷಯ ಮೊದಲು. ಚಿಪ್ಪಣಬೆ ಬಲಿತಾಗ ಹಿಟ್ಟಿನಂಥ ಬೀಜಾಣು ಉದುರಿಸುತ್ತೆ, ಕೆಲವರ ಎದೆಗೆ ಅದು ಆಗಿಬರಲ್ಲ. ಅಮ್ಮ ಆ ಕೋಣೆಗೆ ಹೋಗೋದು ಇವತ್ತಿಂದಲೇ ನಿಲ್ಲಲಿ. ಉಬ್ಬಸ ಇದ್ದರೆ ಡಾಕ್ಟರಿಗೆ ತೋರಿಸಿ, ಚೀಲಗಳನ್ನು ಮನೆಯಿಂದ ಹೊರಗಿನ ಶೆಡ್‌ಗೆ ಸಾಗಿಸಿ. ನೀವು ಕೂಡ ಕಿಟಕಿ ತೆರೆದು ಸ್ವಲ್ಪ ಹೊತ್ತಾದ ಮೇಲೆ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ. ಕೊಡೆಯ ಅಂಚು ಇನ್ನೂ ಕೆಳಮುಖವಾಗಿ ಬಾಗಿರುವಾಗಲೇ ಕೊಯ್ಯಿರಿ. ಅಂಚು ಮೇಲಕ್ಕೆ ಮಡಚಿಕೊಂಡರೆ ತಡವಾಯ್ತು ಅಂತ ಅರ್ಥ. ಬೇಗ ಕೊಯ್ದರೆ ರುಚಿಯೂ ಹೆಚ್ಚು.

ಹಳೇ ಹುಲ್ಲು ಬೀಜವಾಗಿ ಹಬ್ಬಬಹುದು, ಆದರೆ ನಾನು ಮಾಡಲ್ಲ. ಅದರ ಜೊತೆ ನೊಣದ ಮೊಟ್ಟೆ, ಬೂಸ್ಟು ಎಲ್ಲ ಉಚಿತವಾಗಿ ಬರುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಸಿಗುತ್ತೆ, ಹೋಗೋ ಮೊದಲು ವಿಚಾರಿಸಿಕೊಳ್ಳಿ. ಹಳೇ ಚೀಲ ಎರೆಹುಳುವಿಗೆ ಹಾಕಿ. ಚೀಲದಲ್ಲಿ ನೀವು ಹಾಕದ ಬೇರೆ ಜಾತಿಯ ನಾಯಿಕೊಡೆ ಎದ್ದರೆ ಕಿತ್ತೆಸೆಯಿರಿ, ಅಡುಗೆಮನೆಗೆ ತರಬೇಡಿ.

ಮೈಸೂರಿನಿಂದ (11 ದಿನದ ನಂತರ):
ಮೇಡಂ! ನೆನೆಸಿ ಎತ್ತಿದಾಗ 2 ಕೆಜಿ 150 ಗ್ರಾಂ ಬಂತು. ನಿನ್ನೆ ಬೆಳಿಗ್ಗೆ ಎರಡು ಕಡೆ ಗುಂಡುಸೂಜಿ ತಲೆಯಂಥ ಮೊಗ್ಗು. ಫ್ಯಾನ್ ಅಟ್ಟಕ್ಕೆ ಹೋಯ್ತು. ಈಗ ಸ್ಪ್ರೇ ಜಾಸ್ತಿ ಮಾಡಲಾ?

ಉತ್ತರ:
ಬಹಳ ಖುಷಿಯಾಯ್ತು! ಜಾಸ್ತಿ ಬೇಡ. ಮೊಗ್ಗಿನ ಮೇಲೆ ನೀರು ನಿಂತರೆ ಹಳದಿಯಾಗಿ ಕೊಳೆಯುತ್ತೆ. ಗೋಡೆಗೆ, ನೆಲಕ್ಕೆ, ಗೋಣಿಚೀಲಕ್ಕೆ ಸ್ಪ್ರೇ ಮಾಡಿ. ಮೂರು ನಾಲ್ಕು ದಿನದಲ್ಲಿ ಕೊಯ್ಲಿಗೆ ಬರುತ್ತೆ. ಈ ಸಲ ತಿರುಚಿ ಕೀಳಿ, ಅಣಬೆಯ ತೂಕ, ಚೀಲದ ತೂಕ ಎರಡನ್ನೂ ಇಲ್ಲಿ ಹಾಕಿ. ಮೂರನೆಯದಕ್ಕೆ ನೆನೆಸಬೇಕೋ ಬೇಡವೋ ಅದನ್ನು ನೋಡಿ ಹೇಳ್ತೀನಿ.